ಪ್ರಶ್ನೆಗೆ ಮೊದಲು ಉತ್ತರವಿದ್ದಿತೇ?



ಬ್ರಹ್ಮಪುರದ ನಿವಾಸಿಗಳಿಗೆ ತೊಗರಿಯ ವಿಷಯವನ್ನು ಹೊಸದಾಗಿ ಹೇಳಬೇಕಾದ ಕಾರಣವಿಲ್ಲ. ಕಲಬುರಗಿಯ ಸೀಮೆಯು ತೊಗರಿಯ ಕಣಜವೆಂದು ನಾಡಿನಲ್ಲೆಲ್ಲ ಹೆಸರಾದದ್ದು. ಕಮಲಾಪುರದ ಕಡೆಯ ರೈತನೊಬ್ಬನು ರಾಶಿ ಮುಗಿಸಿ, ಚೀಲಗಳನ್ನು ಗಾಡಿಗೆ ಹೇರಿ, ಪೇಟೆಯ ಅಡತಿ ಅಂಗಡಿಗೆ ತಂದನೆಂದು ಭಾವಿಸಬಹುದು. ಅಲ್ಲಿ ಚೀಲವನ್ನು ತಕ್ಕಡಿಗೇರಿಸುವರು. ಹಿಡಿ ಕಾಳನ್ನು ತೆಗೆದು ತೇವವೆಷ್ಟೆಂದು ನೋಡುವರು. ಕಾಳಿನ ಬಣ್ಣವನ್ನೂ ಗಾತ್ರವನ್ನೂ ಪರೀಕ್ಷಿಸುವರು. ಈ ವ್ಯವಹಾರದಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಒಪ್ಪಿಕೊಂಡಿರುವ ಮೂರು ಸಂಗತಿಗಳುಂಟು. ತೂಗುವದಕ್ಕೆ ಮೊದಲೇ ಚೀಲಕ್ಕೆ ಒಂದು ತೂಕವಿರುವದು ಎಂಬುದು ಮೊದಲನೆಯದು. ತಕ್ಕಡಿಯು ಇದ್ದ ತೂಕವನ್ನು ತೋರಿಸುವದೇ ಹೊರತು ಹೊಸದಾಗಿ ಹುಟ್ಟಿಸುವದಿಲ್ಲ ಎಂಬುದು ಎರಡನೆಯದು. ತೂಕದ ಜೊತೆಗೆ ತೇವವನ್ನು ನೋಡಿದರೂ, ತೇವವನ್ನು ಬಿಟ್ಟು ಬಣ್ಣವನ್ನು ನೋಡಿದರೂ ತೂಕವು ಅದೇ ಆಗಿರುವದು ಎಂಬುದು ಮೂರನೆಯದು. ಈ ಮೂರನ್ನು ಒಪ್ಪದಿದ್ದರೆ ಪೇಟೆಯೇ ನಡೆಯಲಾರದು. ರೈತನಿಗೂ ದಲಾಲನಿಗೂ ನಿತ್ಯ ಜಗಳವಾದೀತು.

ತೊಗರಿಯ ಚೀಲದ ವಿಷಯದಲ್ಲಿ ನಿಸ್ಸಂದೇಹವಾಗಿ ಸತ್ಯವಾದ ಈ ಮೂರು ಮಾತುಗಳು ಪರಮಾಣುಗಳ ವಿಷಯದಲ್ಲಿಯೂ ಸತ್ಯವೇ ಎಂಬ ಪ್ರಶ್ನೆಯು ಕಳೆದ ನೂರು ವರ್ಷಗಳಿಂದ ಭೌತವಿಜ್ಞಾನದ ಪಂಡಿತರನ್ನು ಬಾಧಿಸುತ್ತ ಬಂದಿದೆ. ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವದು ಸಾಧ್ಯವಿಲ್ಲವೆಂದು ಈಗ ಗಣಿತದಿಂದಲೂ ಪ್ರಯೋಗದಿಂದಲೂ ತಿಳಿದಿದೆ. ಅದು ಹೇಗೆ ತಿಳಿಯಿತು, ತಿಳಿದದ್ದು ಎಷ್ಟು, ತಿಳಿಯದೆ ಉಳಿದದ್ದು ಎಷ್ಟು ಎಂಬುದೇ ಈ ಉಪನ್ಯಾಸದ ವಿಷಯವು. ಇದರಲ್ಲಿ ಕನ್ನಡ ನಾಡಿನ ಪಾಲೂ ಇರುವದರಿಂದ ಇದು ದೂರದೇಶದ ವಾರ್ತೆ ಮಾತ್ರವಲ್ಲ.

ಬೆಳಕಿನಿಂದ ಆರಂಭಿಸುವದು ಸುಲಭ. ಬೆಳಕು ಕಣಕಣವಾಗಿ ಬರುವದೆಂಬ ವಿಚಾರಕ್ಕೆ 1900ರಲ್ಲಿ ಪ್ಲಾಂಕ್ ಮಹಾಶಯನು ದಾರಿ ತೆರೆದನು. 1905ರಲ್ಲಿ ಐನ್‌ಸ್ಟೈನ್‌ನು ಅದನ್ನು ಸ್ಪಷ್ಟವಾಗಿ ಹೇಳಿದನು. ಈ ಬೆಳಕಿನ ಕಣಕ್ಕೆ ಫೋಟಾನ್ ಎಂದು ಹೆಸರು. 1931ರಲ್ಲಿ ಸರ್ ಸಿ. ವಿ. ರಾಮನ್ ಅವರೂ ಎಸ್. ಭಗವಂತಂ ಅವರೂ ಈ ಕಣಕ್ಕೆ ಒಂದು ಬಗೆಯ ಸ್ವಂತ ತಿರುಗುವಿಕೆ ಇರುವದೆಂಬುದಕ್ಕೆ ಪ್ರಯೋಗದ ಆಧಾರವನ್ನು ಪ್ರಕಟಿಸಿದರು. ಬಿಸಿಲಿನ ಝಳ ತಡೆಯಲು ಕೆಲವರು ಧರಿಸುವ ಪೋಲರಾಯ್ಡ್ ಕನ್ನಡಕದ ಗಾಜು ಈ ಗುಣವನ್ನೇ ಆಧರಿಸಿ ಕೆಲಸ ಮಾಡುವದು. ಅಂತಹ ಗಾಜು ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುವದು, ಅದಕ್ಕೆ ಅಡ್ಡವಾಗಿ ಕಂಪಿಸುವದನ್ನು ತಡೆಯುವದು.

ಇಂತಹ ಎರಡು ಗಾಜುಗಳನ್ನು ಒಂದರ ಹಿಂದೊಂದು, ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಬೆಳಕು ಹೊರಬರುವದಿಲ್ಲ, ಕತ್ತಲೆಯೇ ಕಾಣುವದು. ಈಗ ಆ ಎರಡರ ನಡುವೆ ಮೂರನೆಯ ಗಾಜನ್ನು 45 ಅಂಶ ಓರೆಯಾಗಿ ಸೇರಿಸಬೇಕು. ತಡೆಯುವ ಗಾಜು ಇನ್ನೊಂದು ಹೆಚ್ಚಾಯಿತಾದ್ದರಿಂದ ಕತ್ತಲೆಯು ಮತ್ತಷ್ಟು ದಟ್ಟವಾಗಬೇಕೆಂದು ಯಾರಾದರೂ ಊಹಿಸುವರು. ಆಗುವದು ಅದಕ್ಕೆ ವಿರುದ್ಧ. ಬೆಳಕು ಹೊರಬರುವದು, ದೋಷವಿಲ್ಲದ ಗಾಜುಗಳಾದರೆ ಬಂದ ಬೆಳಕಿನ ನೂರು ಪಾಲಿನಲ್ಲಿ ಹನ್ನೆರಡೂವರೆ ಪಾಲು ದಾಟಿ ಹೋಗುವದು. ಮೊದಲನೆಯ ಗಾಜನ್ನು ದಾಟಿದ ಕಣವು ಅಡ್ಡಗಾಜನ್ನು ದಾಟದ ಗುಣವನ್ನು ತನ್ನಲ್ಲಿಯೇ ಕಟ್ಟಿಕೊಂಡು ಹೋಗುತ್ತಿದ್ದರೆ, ನಡುವೆ ಓರೆಯ ಗಾಜು ಬಂದೊಡನೆ ಆ ಗುಣವು ಎಲ್ಲಿ ಹೋಯಿತು? ನಡುವಿನ ಗಾಜು ಕಣವನ್ನು ಬದಲಾಯಿಸಿತೆಂದು ಉತ್ತರ ಹೇಳಬಹುದು. ಆ ಉತ್ತರವು ತಪ್ಪೆಂದು ಈ ಒಂದು ಪ್ರಯೋಗದಿಂದ ಸಿದ್ಧವಾಗುವದಿಲ್ಲ. ಆದರೂ ಗುಣವು ಕಣದಲ್ಲಿ ಮೊದಲೇ ಇರುವದೆಂಬ ಮಾತು ತೊಗರಿಯ ತೂಕದಷ್ಟು ಸರಳವಲ್ಲವೆಂಬ ಸಂಶಯವು ಇಲ್ಲಿಯೇ ಮೊಳೆಯುವದು.

ಒಂದೊಂದೇ ಕಣವನ್ನು ಕಳುಹಿಸಿದಾಗ ಓರೆಯ ಗಾಜನ್ನು ಯಾವುದು ದಾಟುವದು, ಯಾವುದು ನಿಲ್ಲುವದು ಎಂದು ಕ್ವಾಂಟಂ ಶಾಸ್ತ್ರವು ಹೇಳುವದಿಲ್ಲ. ಎರಡಕ್ಕೊಂದು ದಾಟುವ ಸಂಭವವುಂಟೆಂದು ಮಾತ್ರ ಹೇಳುವದು. ಈ ಸಂಭವದ ನಿಯಮವನ್ನು 1926ರಲ್ಲಿ ಕೊಟ್ಟವನು ಜರ್ಮನಿಯ ಮ್ಯಾಕ್ಸ್ ಬಾರ್ನ್. ಅದಕ್ಕಾಗಿ 1954ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಈ ಬಾರ್ನ್ ಮಹಾಶಯನು ಕನ್ನಡಿಗರಿಗೆ ಅಪರಿಚಿತನಾಗಬಾರದು. 1933ರಲ್ಲಿ ನಾಝಿ ಸರಕಾರವು ಯೆಹೂದ್ಯನೆಂಬ ಕಾರಣದಿಂದ ಅವನನ್ನು ಗಟಿಂಗೆನ್ ವಿದ್ಯಾಪೀಠದ ಸ್ಥಾನದಿಂದ ತೆಗೆಯಿತು. ದೇಶಭ್ರಷ್ಟನಾದ ಅವನನ್ನು ರಾಮನ್ ಅವರು ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಕೆಲವು ತಿಂಗಳು ಅವನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಪಾಠ ಹೇಳಿದನು. ಅಲ್ಲಿಯೇ ಅವನನ್ನು ಉಳಿಸಿಕೊಳ್ಳಬೇಕೆಂದು ರಾಮನ್ ಅವರು ಬಯಸಿದರೂ ಅದು ಕೈಗೂಡಲಿಲ್ಲ. 1936ರಲ್ಲಿ ಬಾರ್ನ್‌ನು ಎಡಿನ್‌ಬರೋ ನಗರಕ್ಕೆ ಹೋದನು.

ಆ 1935ನೆಯ ಇಸವಿಯು ಈ ವಿಷಯದ ಚರಿತ್ರೆಯಲ್ಲಿ ಬಹು ಮುಖ್ಯವಾದದ್ದು. ಬಾರ್ನ್‌ನ ಆಪ್ತಮಿತ್ರನಾಗಿದ್ದ ಐನ್‌ಸ್ಟೈನ್‌ನಿಗೆ ಸಂಭವದ ನಿಯಮವೇ ಪ್ರಕೃತಿಯ ಕೊನೆಯ ಮಾತೆಂಬುದು ಒಪ್ಪಿಗೆಯಾಗಿರಲಿಲ್ಲ. ಪ್ರಪಂಚದ ನಿಯಾಮಕನು ಪಗಡೆಯಾಡುವವನಲ್ಲವೆಂಬ ಅರ್ಥದ ಮಾತನ್ನು ಅವನು 1926ರಲ್ಲಿಯೇ ಬಾರ್ನ್‌ನಿಗೆ ಬರೆದಿದ್ದನು. 1935ರ ಮೇ ತಿಂಗಳಲ್ಲಿ ಪೊಡೋಲ್ಸ್ಕಿ, ರೋಸನ್ ಎಂಬ ಇಬ್ಬರೊಡನೆ ಕೂಡಿ ಅವನು ಒಂದು ಲೇಖನವನ್ನು ಪ್ರಕಟಿಸಿದನು. ಅದರ ಸಾರವು ಇಷ್ಟು: ಒಂದೆಡೆಯಿಂದ ಹೊರಟು ದೂರವಾದ ಎರಡು ಕಣಗಳಲ್ಲಿ ಒಂದನ್ನು ಅಳೆದರೆ ಇನ್ನೊಂದರ ಅಳತೆಯನ್ನು ಅದನ್ನು ಮುಟ್ಟದೆಯೇ ನಿಶ್ಚಯವಾಗಿ ಹೇಳಬಹುದು, ಮುಟ್ಟದೆ ಹೇಳಬಹುದಾದ ಅಳತೆಯು ಆ ಕಣದಲ್ಲಿ ಮೊದಲೇ ಇರಲೇಬೇಕು, ಕ್ವಾಂಟಂ ಶಾಸ್ತ್ರವು ಅದನ್ನು ಹೇಳುವದಿಲ್ಲವಾದ್ದರಿಂದ ಶಾಸ್ತ್ರವು ಅಪೂರ್ಣವು. ಡೆನ್ಮಾರ್ಕಿನ ನೀಲ್ಸ್ ಬೋರ್ ಅದೇ ವರ್ಷ ಉತ್ತರ ಕೊಟ್ಟನು. ಅಳೆಯುವ ಯಂತ್ರದ ಸಮಗ್ರ ರಚನೆಯನ್ನು ಬಿಟ್ಟು ಕಣದ ಗುಣವನ್ನು ಮಾತ್ರ ಬೇರೆಯಾಗಿ ಹೇಳುವದು ಅರ್ಥಹೀನವೆಂಬುದು ಅವನ ಅಭಿಪ್ರಾಯವಾಗಿದ್ದಿತು.

ಐನ್‌ಸ್ಟೈನ್‌ನ ಪಕ್ಷವನ್ನು ಹಿಡಿದರೆ, ಕಣದೊಳಗೆ ಶಾಸ್ತ್ರಕ್ಕೆ ಇನ್ನೂ ಕಾಣದ ಕೆಲವು ಸಂಗತಿಗಳು ಅಡಗಿರಬೇಕು. ಅವು ಗೊತ್ತಾದರೆ ಪ್ರತಿಯೊಂದು ಕಣವೂ ಗಾಜನ್ನು ದಾಟುವದೋ ಇಲ್ಲವೋ ಎಂಬುದನ್ನು ಮೊದಲೇ ಹೇಳಬಹುದು. ಇವನ್ನು ಗೂಢರಾಶಿಗಳೆಂದು ಕರೆಯೋಣವಾಗಲಿ. ಮುಚ್ಚಿದ ಚೀಲದ ತೂಕವು ನೋಡುವವನಿಗೆ ಗೊತ್ತಿಲ್ಲದಿದ್ದರೂ ಚೀಲಕ್ಕೆ ಇರುವಂತೆ, ಗೂಢರಾಶಿಯು ಮನುಷ್ಯನಿಗೆ ಗೊತ್ತಿಲ್ಲದಿದ್ದರೂ ಕಣಕ್ಕೆ ಇರುವದು. ಸಂಭವವೆಂಬುದು ಮನುಷ್ಯನ ಅಜ್ಞಾನದ ಹೆಸರಾಗುವದೇ ಹೊರತು ಪ್ರಕೃತಿಯ ಸ್ವಭಾವವಾಗುವದಿಲ್ಲ. ಇದು ವಿವೇಕಕ್ಕೆ ವಿರುದ್ಧವಾದ ಆಸೆಯಲ್ಲ. ಗಾಳಿಯ ಒತ್ತಡ, ಉಷ್ಣತೆ ಮೊದಲಾದವುಗಳ ಹಿಂದೆ ಕಣ್ಣಿಗೆ ಕಾಣದ ಅಣುಗಳ ಓಟವಿರುವದೆಂದು ಹತ್ತೊಂಬತ್ತನೆಯ ಶತಮಾನದವರು ಕಂಡುಹಿಡಿದದ್ದೂ ಇಂತಹ ಆಸೆಯಿಂದಲೇ.

ಆದರೆ ಈ ದಾರಿಗೆ ಒಂದು ದೊಡ್ಡ ಹೆಸರು ಅಡ್ಡಬಂದಿತು. ಹಂಗೇರಿಯಲ್ಲಿ ಹುಟ್ಟಿದ ಫಾನ್ ನೋಯ್ಮನ್ ಎಂಬ ಅಸಾಧಾರಣ ಗಣಿತಜ್ಞನು 1932ರಲ್ಲಿ ಕ್ವಾಂಟಂ ಶಾಸ್ತ್ರದ ಗಣಿತಾಧಾರವನ್ನು ಕುರಿತು ಗ್ರಂಥವನ್ನು ಬರೆದು, ಅದರಲ್ಲಿ ಗೂಢರಾಶಿಗಳು ಅಸಾಧ್ಯವೆಂದು ಸಾಧಿಸಿದ್ದಾಗಿ ಹೇಳಿದನು. ಅವನ ಸಾಧನೆಯಲ್ಲಿ ಒಂದು ಊಹೆಯಿದ್ದಿತು. ಎರಡು ರಾಶಿಗಳ ಮೊತ್ತದ ಸರಾಸರಿಯು ಅವುಗಳ ಸರಾಸರಿಗಳ ಮೊತ್ತಕ್ಕೆ ಸಮವೆಂಬುದೇ ಆ ಊಹೆ. ಅನೇಕ ಕಣಗಳ ಗುಂಪಿಗೆ ಇದು ಕ್ವಾಂಟಂ ಶಾಸ್ತ್ರದಲ್ಲಿ ನಿಜವೇ. ಗೂಢರಾಶಿಯು ಗೊತ್ತಾದ ಒಂದೊಂದೇ ಕಣಕ್ಕೂ ಇದು ನಿಜವಾಗಬೇಕೆಂದು ಅವನು ತೆಗೆದುಕೊಂಡನು. ಒಟ್ಟಿಗೆ ಅಳೆಯಲು ಬಾರದ ಎರಡು ದಿಕ್ಕುಗಳ ತಿರುಗುವಿಕೆಗೆ ಒಂದೊಂದಕ್ಕೂ ಬರುವ ಉತ್ತರವು ಕೂಡು ಒಂದು ಅಥವಾ ಕಳೆ ಒಂದು ಎಂದಿಟ್ಟುಕೊಂಡರೆ, ಅವೆರಡರ ಮೊತ್ತವೆನಿಸುವ ಮೂರನೆಯ ಅಳತೆಗೆ ಬರುವ ಉತ್ತರವು ಎರಡರ ವರ್ಗಮೂಲವಾಗಿರುವದು. ಒಂದಕ್ಕೆ ಒಂದು ಕೂಡಿದರೂ ಕಳೆದರೂ ಎರಡರ ವರ್ಗಮೂಲವು ಎಂದಿಗೂ ಬಾರದು. ಆದುದರಿಂದ ಒಂದೊಂದೇ ಕಣಕ್ಕೆ ಆ ಊಹೆಯನ್ನು ಹೇರುವದೇ ಅನ್ಯಾಯವು. ಸಾಧಿಸಬೇಕಾದದ್ದು ಊಹೆಯಲ್ಲಿಯೇ ಸೇರಿಹೋಗಿದ್ದಿತು.

ಈ ದೋಷವನ್ನು ಗ್ರೇಟೆ ಹೆರ್ಮನ್ ಎಂಬ ಜರ್ಮನ್ ವಿದುಷಿಯು 1935ರಲ್ಲಿಯೇ ಬರೆದು ತೋರಿಸಿದಳು. ಎಮ್ಮಿ ನೋಯ್ಟರ್ ಎಂಬ ಪ್ರಸಿದ್ಧ ಗಣಿತಜ್ಞೆಯ ಶಿಷ್ಯೆಯಾಗಿದ್ದ ಆಕೆಯ ಮಾತನ್ನು ಭೌತವಿಜ್ಞಾನಿಗಳು ಗಮನಿಸಲಿಲ್ಲ. ಫಾನ್ ನೋಯ್ಮನ್‌ನು ಸಾಧಿಸಿರುವನೆಂಬ ಒಂದೇ ಮಾತಿನ ಮೇಲೆ ಮೂವತ್ತು ವರ್ಷಗಳವರೆಗೆ ಬಹುಮಂದಿ ಪಂಡಿತರು ಗೂಢರಾಶಿಗಳ ವಿಚಾರವನ್ನೇ ಬಿಟ್ಟುಕೊಟ್ಟರು. 1952ರಲ್ಲಿ ಡೇವಿಡ್ ಬೋಮ್ ಎಂಬ ಅಮೇರಿಕೆಯ ವಿಜ್ಞಾನಿಯು ಅಸಾಧ್ಯವೆನ್ನಿಸಿಕೊಂಡ ಅಂತಹ ಸಿದ್ಧಾಂತವೊಂದನ್ನು ಕಟ್ಟಿಯೇ ತೋರಿಸಿದನು. ಫ್ರಾನ್ಸಿನ ದ ಬ್ರಾಯ್ ಮಹಾಶಯನು 1927ರಲ್ಲಿ ಅದರ ಮೊದಲ ರೂಪವನ್ನು ಹೇಳಿದ್ದನು. ಬೋಮ್‌ನ ಸಿದ್ಧಾಂತದಲ್ಲಿ ಪ್ರತಿ ಕಣಕ್ಕೂ ಎಲ್ಲ ಕಾಲದಲ್ಲಿಯೂ ಒಂದು ನಿಶ್ಚಿತವಾದ ಸ್ಥಾನವುಂಟು. ಒಂದು ತರಂಗವು ಅದನ್ನು ನಡೆಸುವದು. ಅದರ ಲೆಕ್ಕಗಳು ಕ್ವಾಂಟಂ ಶಾಸ್ತ್ರದ ಲೆಕ್ಕಗಳೊಡನೆ ಹೊಂದುವವು. ಅದನ್ನು ಓದಿ ಎಚ್ಚೆತ್ತ ಐರ್ಲೆಂಡಿನ ಜಾನ್ ಬೆಲ್, ಫಾನ್ ನೋಯ್ಮನ್‌ನ ಸಾಧನೆಯಲ್ಲಿನ ಅದೇ ದೋಷವನ್ನು ಸ್ವತಂತ್ರವಾಗಿ ಕಂಡು 1966ರಲ್ಲಿ ಪ್ರಕಟಿಸಿದನು. ಹೆಸರಿನ ಗೌರವವು ವಾದದ ಬಲವಾಗಲಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ವಿಜ್ಞಾನದ ಚರಿತ್ರೆಯಲ್ಲಿ ಹುಡುಕುವದು ಕಷ್ಟ.

ಹಾಗಾದರೆ ಗೂಢರಾಶಿಗಳಿಗೆ ತಡೆಯೇ ಇಲ್ಲವೇ ಎಂದು ಕೇಳಿದರೆ, ತಡೆಯುಂಟು. ಆದರೆ ಅದು ಬೇರೊಂದು ಕಡೆಯಲ್ಲುಂಟು. ಅದನ್ನು ಕಂಡವರು ಸ್ವಿಟ್ಸರ್ಲೆಂಡಿನ ಅರ್ನ್ಸ್ಟ್ ಸ್ಪೆಕರ್ ಮತ್ತು ಸೈಮನ್ ಕೋಖೆನ್. ಸ್ಪೆಕರ್ 1960ರಲ್ಲಿ ಬರೆದ ಲೇಖನದಲ್ಲಿ ಒಂದು ಧರ್ಮಶಾಸ್ತ್ರೀಯ ಪ್ರಶ್ನೆಯು ಬರುವದು. ಯೂರೋಪದ ಮಧ್ಯಯುಗದ ಪಂಡಿತರು ದೇವರ ಸರ್ವಜ್ಞತ್ವವನ್ನು ಕುರಿತು ವಿಚಾರಿಸುತ್ತ, ನಡೆಯದೆ ಹೋದ ಒಂದು ಸಂಗತಿಯು ನಡೆದಿದ್ದರೆ ಮುಂದೇನಾಗುತ್ತಿದ್ದಿತೆಂಬುದನ್ನೂ ದೇವರು ಬಲ್ಲನೇ ಎಂದು ಕೇಳಿಕೊಂಡಿದ್ದರು. ಸ್ಪೆಕರ್‌ನು ಅದೇ ಪ್ರಶ್ನೆಯನ್ನು ಪರಮಾಣುವಿಗೆ ಅನ್ವಯಿಸಿದನು. ಕೇಳದೆ ಬಿಟ್ಟ ಪ್ರಶ್ನೆಗೂ, ಕೇಳಿದ ಪ್ರಶ್ನೆಗೂ, ಎಲ್ಲದಕ್ಕೂ ಒಟ್ಟಿಗೆ ಉತ್ತರಗಳನ್ನು ಬರೆದಿಡುವದು ಸಾಧ್ಯವೇ? 1967ರಲ್ಲಿ ಕೋಖೆನ್ ಮತ್ತು ಸ್ಪೆಕರ್ ಕೂಡಿ 117 ದಿಕ್ಕುಗಳನ್ನು ಆರಿಸಿ, ಅವಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ಅಂತಹ ಉತ್ತರಪಟ್ಟಿಯನ್ನು ಬರೆಯುವದು ಸಾಧ್ಯವಿಲ್ಲವೆಂದು ತೋರಿಸಿದರು.

117 ದಿಕ್ಕುಗಳ ಆ ಸಾಧನೆಯು ಕಠಿಣವಾದದ್ದು. 1990ರಲ್ಲಿ ಪೆರೆಸ್ ಮತ್ತು ಮರ್ಮಿನ್ ಎಂಬವರು ಅದೇ ಸತ್ಯವನ್ನು ಒಂಬತ್ತು ಮನೆಗಳ ಚೌಕದಲ್ಲಿ ಅಡಕಮಾಡಿದರು. ಅದನ್ನು ಹಿಡಿ ತೊಗರಿ ಕಾಳಿನಿಂದ ಯಾರಾದರೂ ಮನೆಯ ಅಂಗಳದಲ್ಲಿಯೇ ಪರೀಕ್ಷಿಸಿ ನೋಡಬಹುದು. ನೆಲದ ಮೇಲೆ ರಂಗೋಲಿಯಿಂದ ಮೂರು ಅಡ್ಡಸಾಲು, ಮೂರು ನಿಲುಸಾಲುಗಳಾಗಿ ಒಂಬತ್ತು ಮನೆಗಳನ್ನು ಬರೆಯಬೇಕು. ಪ್ರತಿ ಮನೆಯಲ್ಲಿ ಒಂದು ಕಾಳನ್ನಿಡಬಹುದು, ಇಲ್ಲವೆ ಬರಿದಾಗಿ ಬಿಡಬಹುದು. ನಿಯಮಗಳು ಆರು. ಮೂರು ಅಡ್ಡಸಾಲುಗಳಲ್ಲಿಯೂ ಕಾಳುಗಳು ಸಮಸಂಖ್ಯೆಯಲ್ಲಿರಬೇಕು, ಅಂದರೆ ಇಲ್ಲದಿರಬೇಕು ಅಥವಾ ಎರಡಿರಬೇಕು. ಮೊದಲ ಎರಡು ನಿಲುಸಾಲುಗಳಲ್ಲಿಯೂ ಹಾಗೆಯೇ. ಕೊನೆಯ ನಿಲುಸಾಲಿನಲ್ಲಿ ಮಾತ್ರ ಕಾಳುಗಳು ಬೆಸಸಂಖ್ಯೆಯಲ್ಲಿ, ಒಂದು ಅಥವಾ ಮೂರು, ಇರಬೇಕು.

ಎಷ್ಟು ಹೊತ್ತು ಪ್ರಯತ್ನಿಸಿದರೂ ಈ ಆರು ನಿಯಮಗಳು ಒಟ್ಟಿಗೆ ನೆರವೇರುವದಿಲ್ಲ. ಕಾರಣವು ಮಕ್ಕಳಿಗೂ ತಿಳಿಯುವಂತಹದು. ಅಡ್ಡಸಾಲುಗಳ ಲೆಕ್ಕದಿಂದ ಎಣಿಸಿದರೆ ಒಟ್ಟು ಕಾಳುಗಳು ಸಮಸಂಖ್ಯೆಯಾಗಬೇಕು. ನಿಲುಸಾಲುಗಳ ಲೆಕ್ಕದಿಂದ ಎಣಿಸಿದರೆ ಅವೇ ಕಾಳುಗಳು ಬೆಸಸಂಖ್ಯೆಯಾಗಬೇಕು. ಒಂದೇ ರಾಶಿಯು ಸಮವೂ ಬೆಸವೂ ಆಗಲಾರದು. ಆರರಲ್ಲಿ ಐದು ನಿಯಮಗಳನ್ನು ಪಾಲಿಸಬಹುದು; ಆರನೆಯದು ತಪ್ಪಿಯೇ ತೀರುವದು.

ಇನ್ನು ಈ ಚೌಕಕ್ಕೂ ಪರಮಾಣುವಿಗೂ ಇರುವ ಸಂಬಂಧವನ್ನು ಹೇಳಬೇಕು. ಎರಡು ಕಣಗಳನ್ನು ತೆಗೆದುಕೊಂಡು ಅವುಗಳಿಗೆ ಹೌದು, ಅಲ್ಲ ಎಂದು ಉತ್ತರ ಬರುವ ಒಂಬತ್ತು ಪ್ರಶ್ನೆಗಳನ್ನು ಕೇಳಬಹುದು. ಕೆಲವು ಪ್ರಶ್ನೆಗಳು ಮೊದಲನೆಯ ಕಣಕ್ಕೆ, ಕೆಲವು ಎರಡನೆಯದಕ್ಕೆ, ಕೆಲವು ಎರಡಕ್ಕೂ ಕೂಡಿ. ಒಂದೊಂದು ಪ್ರಶ್ನೆಯನ್ನು ಒಂದೊಂದು ಮನೆಯಲ್ಲಿ ಬರೆದು, ಒಂದು ಉತ್ತರಕ್ಕೆ ಕಾಳು, ಇನ್ನೊಂದಕ್ಕೆ ಬರಿಮನೆ ಎಂದು ಗುರುತಿಟ್ಟುಕೊಳ್ಳಬೇಕು. ಒಂದು ಸಾಲಿನಲ್ಲಿರುವ ಮೂರು ಪ್ರಶ್ನೆಗಳನ್ನು, ಸಾಲು ಅಡ್ಡವಾಗಿದ್ದರೂ ನಿಲುವಾಗಿದ್ದರೂ, ಒಂದಕ್ಕೊಂದು ಬಾಧೆಯಿಲ್ಲದೆ ಒಟ್ಟಿಗೆ ಕೇಳಬಹುದು. ಹಾಗೆ ಕೇಳಿದಾಗ ಮೇಲೆ ಹೇಳಿದ ಆರು ನಿಯಮಗಳೂ ತಪ್ಪದೆ ನಡೆಯುವವೆಂದು ಕ್ವಾಂಟಂ ಶಾಸ್ತ್ರವು ಹೇಳುವದು. ಕಣಗಳು ಯಾವ ಸ್ಥಿತಿಯಲ್ಲಿದ್ದರೂ ಇದು ನಿಜ.

ಈಗ ಪೇಟೆಯ ಮೂರು ಸಂಗತಿಗಳನ್ನು ನೆನೆಯಬೇಕು. ಒಂಬತ್ತು ಪ್ರಶ್ನೆಗಳಿಗೂ ಉತ್ತರಗಳು ಮೊದಲೇ ಇದ್ದು, ಕೇಳುವದರಿಂದ ಅವು ತೋರುವವಷ್ಟೇ ಆಗಿದ್ದು, ಯಾವ ಪ್ರಶ್ನೆಯ ಉತ್ತರವೂ ಜೊತೆಯಲ್ಲಿ ಕೇಳಿದ ಇತರ ಪ್ರಶ್ನೆಗಳನ್ನು ಅವಲಂಬಿಸದಿದ್ದರೆ, ಆ ಉತ್ತರಗಳನ್ನು ಒಂಬತ್ತು ಮನೆಗಳಲ್ಲಿ ಕಾಳಿನಿಂದ ಬರೆದಿಡಲು ಬರಬೇಕಾಗಿದ್ದಿತು. ಹಾಗೆ ಬರೆದಿಡುವದು ಅಸಾಧ್ಯವೆಂದು ಕಂಡಾಯಿತು. ಆದುದರಿಂದ ಮೂರರಲ್ಲಿ ಯಾವುದಾದರೂ ಒಂದನ್ನು ಬಿಡಲೇಬೇಕು. ಉತ್ತರಗಳು ಮೊದಲೇ ಇದ್ದರೂ ಅವು ಸಂದರ್ಭವನ್ನು ಅವಲಂಬಿಸಿರಬೇಕು. ಅಡ್ಡಸಾಲಿನ ಜೊತೆಗಾರರೊಡನೆ ಕೇಳಿದಾಗ ಒಂದು, ನಿಲುಸಾಲಿನ ಜೊತೆಗಾರರೊಡನೆ ಕೇಳಿದಾಗ ಇನ್ನೊಂದು ಆಗಬಹುದಾಗಿರಬೇಕು. ಇಲ್ಲವಾದರೆ ಉತ್ತರಗಳು ಮೊದಲೇ ಇರುವವೆಂಬ ಮಾತನ್ನೇ ಬಿಡಬೇಕು. ಇದನ್ನೇ ಪಂಡಿತರು ಸಂದರ್ಭಸಾಪೇಕ್ಷತೆ ಎಂದು ಕರೆಯುವರು.

ಇಲ್ಲಿ ಒಂದು ಆಕ್ಷೇಪಣೆಯು ಸಹಜವಾಗಿ ಏಳುವದು. ಬಿಸಿನೀರಿನ ಬಟ್ಟಲಿಗೆ ತಣ್ಣನೆಯ ಉಷ್ಣಮಾಪಕವನ್ನಿಟ್ಟರೆ ನೀರು ಸ್ವಲ್ಪ ತಣ್ಣಗಾಗುವದು. ಅಳೆಯುವ ಕ್ರಿಯೆಯು ಅಳತೆಯನ್ನು ಕೆಡಿಸಿತು. ಪರಮಾಣುವಿನ ಕಥೆಯೂ ಇಷ್ಟೇ ಅಲ್ಲವೇ ಎಂದು ಕೇಳಬಹುದು. ಇಷ್ಟೇ ಅಲ್ಲ. ನೀರಿನ ದೃಷ್ಟಾಂತದಲ್ಲಿ ಕೆಡುವದಕ್ಕೆ ಮೊದಲು ಒಂದು ನಿಶ್ಚಿತವಾದ ಉಷ್ಣತೆಯಿದ್ದಿತು. ಚೌಕದ ವಾದವು ಅಂತಹ ಪಟ್ಟಿಯೇ ಇರಲಾರದೆಂದು ಹೇಳುವದು. ಅಲ್ಲದೆ ಇಲ್ಲಿ ಒಂದು ಸಾಲಿನ ಮೂರು ಪ್ರಶ್ನೆಗಳು ಪರಸ್ಪರ ಕೆಡಿಸುವಂತಹವಲ್ಲ. ಅವನ್ನು ಯಾವ ಕ್ರಮದಲ್ಲಿ ಕೇಳಿದರೂ, ಒಮ್ಮೆ ಬಂದ ಉತ್ತರವು ಮತ್ತೊಮ್ಮೆ ಕೇಳಿದಾಗಲೂ ಹಾಗೆಯೇ ಬರುವದು. ಕೆಡುಕಿನ ಕುರುಹೇ ಇಲ್ಲದ ಕಡೆಯಲ್ಲಿ ಈ ವಿರೋಧವು ತೋರುವದೇ ಆಶ್ಚರ್ಯಕ್ಕೆ ಕಾರಣವು.

ಬೋಮ್‌ನ ಸಿದ್ಧಾಂತವು ಇದರಿಂದ ಮುರಿದುಬಿದ್ದಿತೇ ಎಂದರೆ ಇಲ್ಲ. ಅದರಲ್ಲಿ ಕಣದ ಸ್ಥಾನವು ಮಾತ್ರ ಅದರ ಸ್ವಂತ ಸೊತ್ತು. ತಿರುಗುವಿಕೆಯ ಅಳತೆಗೆ ಬರುವ ಉತ್ತರವು ಕಣವೊಂದರಿಂದಲೇ ನಿರ್ಣಯವಾಗದೆ, ಅಯಸ್ಕಾಂತವನ್ನು ಹೇಗೆ ನಿಲ್ಲಿಸಿದೆ ಎಂಬುದನ್ನೂ ಅವಲಂಬಿಸುವದು. ಅಂದರೆ ಬೋಮ್‌ನು ಮೂರನೆಯ ಸಂಗತಿಯನ್ನು ಬಿಟ್ಟು ಮೊದಲನೆಯದರಲ್ಲಿ ಒಂದು ಪಾಲನ್ನು ಉಳಿಸಿಕೊಂಡನು. ಅದಕ್ಕೆ ಕೊಟ್ಟ ಬೆಲೆಯೂ ಸಣ್ಣದಲ್ಲ. ದೂರದ ಕಣಕ್ಕೆ ಮಾಡಿದ ಅಳತೆಯು ಇಲ್ಲಿಯ ಕಣದ ಚಲನೆಯನ್ನು ಆ ಕ್ಷಣದಲ್ಲಿಯೇ ಬದಲಾಯಿಸುವದೆಂದು ಅದರಲ್ಲಿ ಒಪ್ಪಬೇಕಾಗುವದು. 1964ರಲ್ಲಿ ಬೆಲ್‌ನು ಈ ಬೆಲೆಯು ಬೋಮ್‌ನೊಬ್ಬನದಲ್ಲವೆಂದು ತೋರಿಸಿದನು. ದೂರದಲ್ಲಿ ಏನನ್ನು ಅಳೆದರೆಂಬುದರ ಪ್ರಭಾವವು ಇಲ್ಲಿಯ ಉತ್ತರದ ಮೇಲೆ ಬೀಳದಂತೆ ಗೂಢರಾಶಿಗಳನ್ನು ಕಟ್ಟಿದರೆ, ಅವು ಕ್ವಾಂಟಂ ಶಾಸ್ತ್ರದ ಎಲ್ಲ ಲೆಕ್ಕಗಳಿಗೂ ಹೊಂದಲಾರವು. ದೂರವೆಂಬುದೂ ಒಂದು ಸಂದರ್ಭವೇ ಆದ್ದರಿಂದ ಬೆಲ್‌ನ ಸಿದ್ಧಾಂತವನ್ನು ಸಂದರ್ಭಸಾಪೇಕ್ಷತೆಯ ಒಂದು ವಿಶೇಷ ರೂಪವೆಂದು ತಿಳಿಯಬಹುದು.

ವಾದದಿಂದ ಸಿದ್ಧವಾದದ್ದನ್ನು ಪ್ರಕೃತಿಯ ಮುಂದಿಟ್ಟು ಕೇಳುವದು ಪ್ರಯೋಗದ ಕೆಲಸವು. ಬೆಲ್‌ನ ಮಾತನ್ನು 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲಾಸರ್, 1982ರಲ್ಲಿ ಆಸ್ಪೆ ಮತ್ತು ಆತನ ಸಂಗಡಿಗರು ಪರೀಕ್ಷಿಸಿದರು. 2015ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ 1.3 ಕಿಲೋಮೀಟರ್ ಅಂತರದಲ್ಲಿ, ಹಿಂದಿನ ಪ್ರಯೋಗಗಳಲ್ಲಿದ್ದ ಮುಖ್ಯ ನುಸುಳುದಾರಿಗಳನ್ನೆಲ್ಲ ಮುಚ್ಚಿ ಅದನ್ನು ಮಾಡಲಾಯಿತು. 2022ರಲ್ಲಿ ಕ್ಲಾಸರ್, ಆಸ್ಪೆ, ಝೈಲಿಂಗರ್ ಈ ಮೂವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಒಂಬತ್ತು ಮನೆಗಳ ಚೌಕವನ್ನು 2009ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ಎರಡು ಕ್ಯಾಲ್ಸಿಯಂ ಅಯಾನುಗಳ ಮೇಲೆ ಪರೀಕ್ಷಿಸಿದರು. ನಿಯಮವು ನಡೆದರೆ ಒಂದು ಅಂಕವನ್ನು ಕೂಡುವದು, ತಪ್ಪಿದರೆ ಒಂದು ಅಂಕವನ್ನು ಕಳೆಯುವದು ಎಂದಿಟ್ಟುಕೊಂಡರೆ, ಕಾಳುಗಳನ್ನು ಮೊದಲೇ ಇಟ್ಟವನಿಗೆ ಐದು ನಡೆದು ಒಂದು ತಪ್ಪುವದರಿಂದ ನಾಲ್ಕಕ್ಕಿಂತ ಹೆಚ್ಚು ಅಂಕಗಳು ಬರಲಾರವು. ಕ್ವಾಂಟಂ ಶಾಸ್ತ್ರದ ಲೆಕ್ಕವು ಆರು. ಅಯಾನುಗಳು ಕೊಟ್ಟದ್ದು 5.46. ಯಂತ್ರಗಳ ಕೊರತೆಯಿಂದ ಆರು ಪೂರ್ಣವಾಗಲಿಲ್ಲ. ಆದರೆ ನಾಲ್ಕರ ಎಲ್ಲೆಯು ನಿಸ್ಸಂದೇಹವಾಗಿ ದಾಟಿಹೋಯಿತು.

ಕನ್ನಡ ನಾಡಿನಲ್ಲಿಯೂ ಈ ಕೆಲಸವು ನಡೆದಿದೆ. 1948ರಲ್ಲಿ ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ಬೆಳಕಿನ ಕಂಪನದಿಕ್ಕಿನ ಅಧ್ಯಯನವು ಮೊದಲಿನಿಂದಲೂ ಬೆಳೆದುಬಂದದ್ದು, 1956ರಲ್ಲಿ ಎಸ್. ಪಂಚರತ್ನಂ ಎಂಬ ತರುಣರು ಅಲ್ಲಿಂದ ಪ್ರಕಟಿಸಿದ ಸಂಶೋಧನೆಯು ಈಗ ಜಗತ್ತಿನಲ್ಲೆಲ್ಲ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಅದೇ ಸಂಶೋಧನಾಲಯದಲ್ಲಿ ಉರ್ಬಸಿ ಸಿನ್ಹಾ ಅವರೂ ಅವರ ಸಂಗಡಿಗರೂ ಒಂದೊಂದೇ ಫೋಟಾನನ್ನು ಕಳುಹಿಸಿ ಮಾಡಿದ ಪ್ರಯೋಗವು 2022ರಲ್ಲಿ ಪ್ರಕಟವಾಯಿತು. ಲೆಗೆಟ್ ಮತ್ತು ಗರ್ಗ್ ಎಂಬವರು 1985ರಲ್ಲಿ ಹಾಕಿದ ಪ್ರಶ್ನೆಯೇ ಅದರ ವಿಷಯವು. ಒಂದೇ ವಸ್ತುವನ್ನು ಬೇರೆ ಬೇರೆ ಕಾಲಗಳಲ್ಲಿ ಕೇಳಿದಾಗ, ಪ್ರತಿ ಕಾಲದಲ್ಲಿಯೂ ಅದಕ್ಕೆ ಒಂದು ನಿಶ್ಚಿತ ಸ್ಥಿತಿಯಿದ್ದು ಅದನ್ನು ಕೆಡಿಸದೆ ಅರಿಯಬಹುದೇ ಎಂಬುದನ್ನು ಅದು ಪರೀಕ್ಷಿಸುವದು. ಅಂತಹ ಸ್ಥಿತಿಯನ್ನು ಭಾವಿಸಿದರೆ ಬರಬೇಕಾದ ಎಲ್ಲೆಯನ್ನು ಫೋಟಾನುಗಳು ಬೆಂಗಳೂರಿನಲ್ಲಿಯೂ ಮೀರಿದವು. ಇದೇ ವಿಷಯವನ್ನು ಗಣಿತದ ದೃಷ್ಟಿಯಿಂದ ಬೆಂಗಳೂರು ವಿಶ್ವವಿದ್ಯಾಲಯದ ಎ. ಆರ್. ಉಷಾದೇವಿ, ಕುವೆಂಪು ವಿಶ್ವವಿದ್ಯಾಲಯದ ಸುಧಾ ಮೊದಲಾದವರು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೊಸ ರೀತಿಯಿಂದ ನಿರೂಪಿಸಿದರು.

ಇಷ್ಟನ್ನು ತಿಳಿದ ಮೇಲೆ ಇದರಿಂದ ಏನು ಸಿದ್ಧವಾಗುವದಿಲ್ಲವೆಂಬುದನ್ನೂ ಸ್ಪಷ್ಟವಾಗಿ ತಿಳಿಯಬೇಕು. ಮಠಮಾನ್ಯಗಳ ಸಭೆಗಳಲ್ಲಿ ಈ ಮಾತಿಗೆ ವಿಶೇಷ ಅಗತ್ಯವಿದೆ. ಆಧುನಿಕ ವಿಜ್ಞಾನವು ಜಗತ್ತನ್ನು ಮಿಥ್ಯೆಯೆಂದು ಸಾಧಿಸಿತು, ನೋಡುವವನ ಮನಸ್ಸೇ ವಸ್ತುವನ್ನು ಸೃಷ್ಟಿಸುವದೆಂದು ಒಪ್ಪಿತು, ಶರಣರು ಹೇಳಿದ ಶೂನ್ಯವನ್ನೂ ಬಯಲನ್ನೂ ಪ್ರಯೋಗಶಾಲೆಯಲ್ಲಿ ಕಂಡಿತು ಎಂಬ ಮಾತುಗಳು ಈಗ ಭಾಷಣಗಳಲ್ಲಿ ಧಾರಾಳವಾಗಿ ಕೇಳಿಬರುವವು. ಇವುಗಳಲ್ಲಿ ಒಂದಕ್ಕೂ ಮೇಲಿನ ಗಣಿತದಲ್ಲಿ ಆಧಾರವಿಲ್ಲ. ಒಂಬತ್ತು ಮನೆಗಳ ವಾದದಲ್ಲಿ ಮನಸ್ಸಿನ ಹೆಸರೇ ಬರುವದಿಲ್ಲ. ಸಂದರ್ಭವೆಂದರೆ ಯಾವ ಯಂತ್ರವನ್ನು ಯಾವುದರೊಡನೆ ಜೋಡಿಸಿತೆಂಬುದು, ನೋಡುವವನ ಭಾವನೆಯಲ್ಲ. ಯಂತ್ರವು ಅಂಕವನ್ನು ಬರೆದಿಟ್ಟು ಒಂದು ವರ್ಷದ ಮೇಲೆ ಮನುಷ್ಯನು ಅದನ್ನು ಓದಿದರೂ ಲೆಕ್ಕವು ಬದಲಾಗುವದಿಲ್ಲ. ತೊಗರಿಯ ಚೀಲಕ್ಕೂ ಇದರಿಂದ ಯಾವ ಬಾಧೆಯೂ ಇಲ್ಲ. ಕೋಟಿ ಕೋಟಿ ಪರಮಾಣುಗಳು ಕೂಡಿ, ಗಾಳಿ ಬೆಳಕುಗಳ ಸಂಪರ್ಕದಲ್ಲಿರುವ ವಸ್ತುವಿನಲ್ಲಿ ಈ ಸೂಕ್ಷ್ಮ ವಿರೋಧಗಳು ಕಾಣದಂತೆ ಮರೆಯಾಗುವವು. ಕ್ವಾಂಟಂ ಶಾಸ್ತ್ರದ ನೆಪದಿಂದ ತೂಕದಲ್ಲಿ ಮೋಸಮಾಡಲು ಯಾರಿಗೂ ಅವಕಾಶವಿಲ್ಲ.

ಶರಣರ ಅನುಭವವು ಸತ್ಯವಾಗಿರುವದಕ್ಕೆ ಕ್ಯಾಲ್ಸಿಯಂ ಅಯಾನಿನ ಸಾಕ್ಷಿಯು ಬೇಕಾಗಿಲ್ಲ. ನಾಳೆ ವಿಜ್ಞಾನದ ಸಿದ್ಧಾಂತವು ಬದಲಾದರೆ ಅದರ ಮೇಲೆ ನಿಲ್ಲಿಸಿದ ಧರ್ಮದ ಸಮರ್ಥನೆಯೂ ಅದರೊಡನೆ ಬೀಳುವದು. ಧರ್ಮಕ್ಕೆ ಅದರಿಂದ ಲಾಭವಿಲ್ಲ, ವಿಜ್ಞಾನಕ್ಕೆ ಗೌರವವೂ ಇಲ್ಲ. ಎರಡು ಶಾಸ್ತ್ರಗಳಲ್ಲಿ ಒಂದೇ ಶಬ್ದವು ಬಂದ ಮಾತ್ರಕ್ಕೆ ಅರ್ಥವೂ ಒಂದೇ ಆಗಬೇಕಾಗಿಲ್ಲ. ವಿಜ್ಞಾನಿಗಳಲ್ಲಿಯೇ ಇದರ ಅರ್ಥವನ್ನು ಕುರಿತು ಏಕಮತವಿಲ್ಲ. ಬೋರ್‌ನ ಮಾರ್ಗದವರು ಅಳೆಯದ ಗುಣದ ವಿಚಾರವನ್ನೇ ಬಿಡುವರು. ಬೋಮ್‌ನ ಮಾರ್ಗದವರು ಗೂಢವಾದ ಸ್ಥಾನಗಳನ್ನು ಉಳಿಸಿಕೊಂಡು ದೂರಪ್ರಭಾವವನ್ನು ಒಪ್ಪುವರು. 1957ರಲ್ಲಿ ಎವೆರೆಟ್ ಎಂಬವನು ತೋರಿದ ಮಾರ್ಗದವರು ಎಲ್ಲ ಉತ್ತರಗಳೂ ಬೇರೆ ಬೇರೆ ಶಾಖೆಗಳಲ್ಲಿ ಘಟಿಸುವವೆನ್ನುವರು. ಈ ಮಾರ್ಗಗಳಲ್ಲಿ ಯಾವುದು ಸರಿಯೆಂದು ಪ್ರಯೋಗವು ಇನ್ನೂ ತೀರ್ಪು ಕೊಟ್ಟಿಲ್ಲ. ತೀರ್ಪು ಬಂದಿರುವದು ಒಂದೇ ಅಂಶದ ಮೇಲೆ: ಪೇಟೆಯ ಮೂರು ಸಂಗತಿಗಳನ್ನು ಹಾಗೆ ಹಾಗೆಯೇ ಪರಮಾಣುವಿನ ಲೋಕಕ್ಕೆ ಒಯ್ಯಲು ಬರುವದಿಲ್ಲ.

ಕೇವಲ ತತ್ತ್ವಜಿಜ್ಞಾಸೆಯೆನಿಸಿದ್ದ ಈ ವಿಚಾರವು ಈಗ ಉಪಯೋಗದ ದಾರಿಯನ್ನೂ ಹಿಡಿದಿದೆ. ಕ್ವಾಂಟಂ ಗಣಕಯಂತ್ರಗಳ ಒಂದು ಮುಖ್ಯ ವರ್ಗದಲ್ಲಿ ಸಾಮಾನ್ಯ ಗಣಕಕ್ಕಿಲ್ಲದ ಶಕ್ತಿಯು ಸಂದರ್ಭಸಾಪೇಕ್ಷತೆಯಿಂದಲೇ ಬರುವದೆಂದು 2014ರಲ್ಲಿ ಕೆಲವು ವಿದ್ವಾಂಸರು ತೋರಿಸಿದರು. ಉತ್ತರಗಳನ್ನು ಮೊದಲೇ ಬರೆದಿಡಲು ಬಾರದಿರುವದು ಅಲ್ಲಿ ಕೊರತೆಯಾಗದೆ ಬಂಡವಾಳವಾಯಿತು. ಭಾರತ ಸರಕಾರವು 2023ರಲ್ಲಿ 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆಯಿತ್ತಿತು. ಅದರ ಗಣಕವಿಭಾಗದ ಕೇಂದ್ರವು ಬಾರ್ನ್‌ನು ಒಮ್ಮೆ ಪಾಠ ಹೇಳಿದ ಬೆಂಗಳೂರಿನ ವಿಜ್ಞಾನ ಸಂಸ್ಥೆಗೇ ದೊರೆಯಿತು.

ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವುಂಟು. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವುಂಟು. ಶರಣಬಸವೇಶ್ವರ ಸಂಸ್ಥಾನದ ವಿದ್ಯಾಸಂಸ್ಥೆಗಳೂ ಇಲ್ಲಿಯೇ ಬೆಳೆದು ನಿಂತಿವೆ. ಈ ಸೀಮೆಯ ಹುಡುಗ ಹುಡುಗಿಯರಿಗೆ ಇಂತಹ ವಿದ್ಯೆಯು ದೂರವೆಂದು ತಿಳಿಯುವದಕ್ಕೆ ಕಾರಣವಿಲ್ಲ. ಒಂಬತ್ತು ಮನೆಗಳ ಲೆಕ್ಕಕ್ಕೆ ಸಮ ಬೆಸಗಳ ಜ್ಞಾನವೊಂದೇ ಸಾಕು. ಉಳಿದ ಗಣಿತವನ್ನು ಕಾಲೇಜಿನ ಎರಡು ಮೂರು ವರ್ಷಗಳಲ್ಲಿ ಶ್ರದ್ಧೆಯಿಂದ ಕಲಿಯಬಹುದು. ಆದರೆ ಗ್ರೇಟೆ ಹೆರ್ಮನ್ ತೋರಿದ ಗುಣವನ್ನು ಮಾತ್ರ ಪುಸ್ತಕವು ಕೊಡಲಾರದು. ಹೇಳಿದವನು ಎಷ್ಟು ದೊಡ್ಡವನಾದರೂ ವಾದದ ಪ್ರತಿಯೊಂದು ಮೆಟ್ಟಿಲನ್ನೂ ತಾನೇ ಹತ್ತಿ ನೋಡುವ ಆ ಗುಣವು ವಿದ್ಯಾರ್ಥಿಗೆ ಮನೆಯಿಂದಲೂ ಗುರುವಿನಿಂದಲೂ ಬರಬೇಕು. ಪ್ರಶ್ನೆ ಕೇಳುವ ಮಗುವನ್ನು ಸುಮ್ಮನಿರಿಸದೆ, ಬೇಕಾದರೆ ಒಂದು ಹಿಡಿ ತೊಗರಿ ಕಾಳನ್ನು ಕೈಗೆ ಕೊಟ್ಟು ಲೆಕ್ಕಮಾಡಲು ಬಿಡುವ ತಂದೆತಾಯಿಗಳು ಈ ಸಭೆಯಲ್ಲಿ ಹೆಚ್ಚಲಿ.